ಹೈಸ್ಕೂಲಿನಲ್ಲಿ ಎಷ್ಟು ಎಪಿ ಸಾಕು? ಅಮೆರಿಕದ ಕನ್ನಡ ಮನೆಗಳಿಗೊಂದು ಲೆಕ್ಕಾಚಾರ

ಜನವರಿಯಿಂದ ಮಾರ್ಚ್‌ವರೆಗೆ ಅಮೆರಿಕದ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ವಿಷಯಗಳನ್ನು ಆರಿಸುವ ಕಾಲ. ಎಡಿಸನ್, ಕ್ಯುಪರ್ಟಿನೊ, ಫ್ರಿಸ್ಕೊ, ಊರು ಯಾವುದೇ ಇರಲಿ, ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗ ಓಡಾಡುವ ಪ್ರಶ್ನೆ ಒಂದೇ: ನಿಮ್ಮ ಮಗಳು ಒಟ್ಟು ಎಷ್ಟು ಎಪಿ ತೆಗೆದುಕೊಳ್ಳುತ್ತಾಳೆ? ಒಬ್ಬರು ಒಂಬತ್ತು ಎನ್ನುತ್ತಾರೆ, ಇನ್ನೊಬ್ಬರು ಹದಿಮೂರು ಎನ್ನುತ್ತಾರೆ, ಐದು ಎನ್ನಬೇಕಾದವರು ಮಾತು ಬದಲಿಸುತ್ತಾರೆ. ಬೇರೆ ಬೇರೆ ಶಾಲೆಗಳ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ. ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿ ಅದಕ್ಕೆ ವಿಷಯಗಳನ್ನು ತುಂಬುವುದು ತಲೆಕೆಳಗಾದ ಕ್ರಮ. ಶಾಲೆ, ರಾಜ್ಯ, ವಿಷಯ, ಸಮಯ, ಈ ನಾಲ್ಕನ್ನು ನೋಡಿದ ಮೇಲೆ ಸಂಖ್ಯೆ ತಾನಾಗಿಯೇ ಬರುತ್ತದೆ. ಹೇಗೆಂದು ನೋಡೋಣ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಕಾಲೇಜಿನ ಮೊದಲ ವರ್ಷದ ಪಾಠವನ್ನು ಹೈಸ್ಕೂಲಿನಲ್ಲೇ ಕಲಿಸುವ ಈ ವ್ಯವಸ್ಥೆ 1950ರ ದಶಕದಿಂದ ಇದೆ. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಸುಮಾರು ನಲವತ್ತು ವಿಷಯಗಳಿವೆ. ಮೇ ತಿಂಗಳ ಮೊದಲರ್ಧದಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ, ಜುಲೈಯಲ್ಲಿ ಫಲಿತಾಂಶ. ವರ್ಷವಿಡೀ ತರಗತಿಯಲ್ಲಿ ಶಿಕ್ಷಕರು ಕೊಡುವ ಗ್ರೇಡ್ ಬೇರೆ, ಮೇ ಪರೀಕ್ಷೆಯ ಅಂಕ ಬೇರೆ. ಪಿಯುಸಿಯ ಕೊನೆಯ ಪರೀಕ್ಷೆ ಮತ್ತು ಸಿಇಟಿ ರ‍್ಯಾಂಕಿನ ಮೇಲೆ ಬದುಕು ಕಟ್ಟಿಕೊಂಡ ನಮ್ಮ ತಲೆಮಾರಿನ ತಂದೆತಾಯಿಯರು ಇಲ್ಲಿಯೇ ಎಡವುತ್ತಾರೆ: ಮೇ ಪರೀಕ್ಷೆಯೇ ಮುಖ್ಯವೆಂದು ಭಾವಿಸುತ್ತಾರೆ. ಕಾಲೇಜು ಪ್ರವೇಶದಲ್ಲಿ ಹೆಚ್ಚು ತೂಗುವುದು ತರಗತಿಯ ಗ್ರೇಡ್. ಎಪಿ ಅಂಕವನ್ನು ಅರ್ಜಿಯಲ್ಲಿ ತೋರಿಸುವುದು ಬಹುತೇಕ ಕಡೆ ಐಚ್ಛಿಕ. ಹನ್ನೆರಡನೇ ತರಗತಿಯ ಎಪಿ ಅಂಕಗಳಂತೂ ಪ್ರವೇಶ ನಿರ್ಧಾರವಾದ ಎಷ್ಟೋ ವಾರಗಳ ಮೇಲೆ ಬರುತ್ತವೆ.

ಮೊದಲ ಹೆಜ್ಜೆ: ಶಾಲೆಯ ಪರಿಚಯ ಪತ್ರ ಹುಡುಕಿ

ಪ್ರತಿ ಹೈಸ್ಕೂಲೂ ‘ಸ್ಕೂಲ್ ಪ್ರೊಫೈಲ್’ ಎಂಬ ಒಂದೆರಡು ಪುಟದ ದಾಖಲೆಯನ್ನು ಸಿದ್ಧಪಡಿಸುತ್ತದೆ. ಸಾಮಾನ್ಯವಾಗಿ ಶಾಲೆಯ ಜಾಲತಾಣದಲ್ಲಿ ಕೌನ್ಸೆಲಿಂಗ್ ವಿಭಾಗದ ಅಡಿಯಲ್ಲಿ ಸಿಗುತ್ತದೆ. ಶಾಲೆಯಲ್ಲಿ ಎಷ್ಟು ಎಪಿಗಳಿವೆ, ಯಾವ ತರಗತಿಯಿಂದ ತೆಗೆದುಕೊಳ್ಳಬಹುದು, ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇದೆಯೇ, ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಎಪಿಯಿಂದ ಎಷ್ಟು ಹೆಚ್ಚುವರಿ ತೂಕ, ಎಲ್ಲವೂ ಅದರಲ್ಲಿರುತ್ತದೆ. ನಿಮ್ಮ ಮಗುವಿನ ಅರ್ಜಿಯ ಜೊತೆಗೆ ಶಾಲೆ ಇದನ್ನೂ ಕಾಲೇಜಿಗೆ ಕಳಿಸುತ್ತದೆ. ಅರ್ಜಿ ಓದುವವರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅಂಕಪಟ್ಟಿಯನ್ನು ನೋಡುತ್ತಾರೆ. ಇಪ್ಪತ್ತೈದು ಎಪಿ ಇರುವ ಶಾಲೆಯಲ್ಲಿ ಎಂಟು ತೆಗೆದುಕೊಂಡದ್ದಕ್ಕೂ ಆರೇ ಇರುವ ಶಾಲೆಯಲ್ಲಿ ಐದು ತೆಗೆದುಕೊಂಡದ್ದಕ್ಕೂ ಹೋಲಿಕೆ ಇಲ್ಲ. ಎರಡನೆಯ ಮಗುವಿನ ಸಾಧನೆ ಅವರ ಕಣ್ಣಿಗೆ ಒಂದು ಗುಲಗಂಜಿಯೂ ಕಡಿಮೆಯಲ್ಲ. ನ್ಯೂಯಾರ್ಕಿನ ಸ್ಕಾರ್ಸ್‌ಡೇಲ್ ಹೈಸ್ಕೂಲ್ ಎಪಿಯನ್ನು ಕೈಬಿಟ್ಟು ತನ್ನದೇ ಉನ್ನತ ಪಾಠಗಳನ್ನು ರೂಪಿಸಿಕೊಂಡು ವರ್ಷಗಳೇ ಆದವು. ವಾಷಿಂಗ್ಟನ್ ಸುತ್ತಲಿನ ಕೆಲವು ಹೆಸರಾಂತ ಖಾಸಗಿ ಶಾಲೆಗಳು 2018ರಲ್ಲಿ ಎಪಿ ನಿಲ್ಲಿಸುವುದಾಗಿ ಒಟ್ಟಾಗಿಯೇ ಘೋಷಿಸಿದವು. ಆ ಮಕ್ಕಳು ಒಳ್ಳೆಯ ಕಾಲೇಜುಗಳಿಗೆ ಹೋಗುವುದೇನೂ ನಿಂತಿಲ್ಲ.

ಪರಿಚಯ ಪತ್ರ ಸಿಕ್ಕ ಮೇಲೆ ಕೌನ್ಸೆಲರ್ ಜೊತೆ ಹದಿನೈದು ನಿಮಿಷದ ಭೇಟಿ ಕೇಳಿ. ಕೇಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ. ಹಲವು ಕಾಲೇಜುಗಳಿಗೆ ಒಟ್ಟಿಗೇ ಸಲ್ಲುವ ‘ಕಾಮನ್’ ಅರ್ಜಿಯಲ್ಲಿ ಕೌನ್ಸೆಲರ್ ತುಂಬುವ ಭಾಗವೊಂದಿದ್ದು, ಅದೇ ಶಾಲೆಯ ಇತರ ಮಕ್ಕಳಿಗೆ ಹೋಲಿಸಿದರೆ ಈ ವಿದ್ಯಾರ್ಥಿಯ ವಿಷಯಗಳ ಆಯ್ಕೆ ಎಷ್ಟು ಕಠಿಣ ಎಂದು ಅಲ್ಲಿ ಗುರುತು ಹಾಕಬೇಕು. ಸಾಧಾರಣ, ಕಠಿಣ, ಬಹಳ ಕಠಿಣ, ಅತ್ಯಂತ ಕಠಿಣ ಎಂಬಂಥ ಮೆಟ್ಟಿಲುಗಳು. ‘ನಮ್ಮ ಶಾಲೆಯಲ್ಲಿ ಅತ್ಯಂತ ಕಠಿಣ ಎಂಬ ಗುರುತು ಬೀಳಲು ಸಾಮಾನ್ಯವಾಗಿ ಏನು ಬೇಕು?’ ಎಂದು ನೇರವಾಗಿ ಕೇಳಿ. ಕೆಲವರು ಸಂಖ್ಯೆಯನ್ನೇ ಹೇಳುತ್ತಾರೆ, ಕೆಲವರು ‘ಐದು ಮುಖ್ಯ ವಿಷಯಗಳಲ್ಲಿ ನಾಲ್ಕರಲ್ಲಿ ಎಪಿ’ ಎನ್ನುತ್ತಾರೆ. ಆ ಉತ್ತರವನ್ನು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಮಗುವಿನ ಮೇಲ್ಮಿತಿ. ಅದರಾಚೆ ತೆಗೆದುಕೊಂಡದ್ದಕ್ಕೆ ಆ ಗುರುತಿನಲ್ಲಿ ಏನೂ ಸೇರುವುದಿಲ್ಲ. ಹೆಚ್ಚು ಆಯ್ಕೆ ಮಾಡುವ ಕಾಲೇಜುಗಳ ಆಸೆ ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿದ್ದರೂ ಯಾವ ನಷ್ಟವೂ ಇಲ್ಲ.

ಎರಡನೆಯದು: ನಿಮ್ಮ ರಾಜ್ಯದ ನಿಯಮ

ಬಹಳಷ್ಟು ಮಕ್ಕಳು ಕೊನೆಗೆ ಸೇರುವುದು ತಮ್ಮದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವನ್ನು. ಹಾಗಾಗಿ ಹಾರ್ವರ್ಡ್ ಏನು ಬಯಸುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಮನೆ ಪಕ್ಕದ ನಿಯಮ ತಿಳಿದಿರಲಿ.

ಕ್ಯಾಲಿಫೋರ್ನಿಯಾದ ಯುಸಿ ವಿಶ್ವವಿದ್ಯಾಲಯಗಳು ಜಿಪಿಎ ಲೆಕ್ಕಕ್ಕೆ ಒಂಬತ್ತನೆಯ ತರಗತಿಯ ಗ್ರೇಡುಗಳನ್ನು ತೆಗೆದುಕೊಳ್ಳುವುದಿಲ್ಲ. ಹತ್ತು ಮತ್ತು ಹನ್ನೊಂದನೆಯ ತರಗತಿಯ ಎಪಿ ಮತ್ತು ಅನುಮೋದಿತ ಆನರ್ಸ್ (ಸಾಮಾನ್ಯ ತರಗತಿಗಿಂತ ಕಠಿಣ, ಎಪಿಗಿಂತ ಒಂದು ಹಂತ ಕೆಳಗಿನ) ಪಾಠಗಳಿಗೆ ಹೆಚ್ಚುವರಿ ಅಂಕ ಕೊಡುತ್ತವೆ. ಆದರೆ ಎಂಟು ಸೆಮಿಸ್ಟರುಗಳಿಗೆ ಮಾತ್ರ, ಅದರಲ್ಲೂ ಹತ್ತನೆಯ ತರಗತಿಯಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ. ವರ್ಷಪೂರ್ತಿ ನಡೆಯುವ ಒಂದು ಎಪಿ ಎರಡು ಸೆಮಿಸ್ಟರಿಗೆ ಸಮ. ಅಂದರೆ ಈ ಎರಡು ವರ್ಷಗಳಲ್ಲಿ ನಾಲ್ಕು ಎಪಿಗಳಾಚೆಗೆ ಆ ಜಿಪಿಎಯಲ್ಲಿ ಹೆಚ್ಚುವರಿ ಅಂಕವಿಲ್ಲ. ಅರ್ಜಿ ಓದುವವರಿಗೆ ಉಳಿದ ಎಪಿಗಳೂ ಕಾಣುತ್ತವೆ, ನಿಜ. ಆದರೂ ಐದನೆಯದಕ್ಕಾಗಿ ಇನ್ನೆರಡು ವಿಷಯಗಳಲ್ಲಿ ‘ಎ’ ಗ್ರೇಡ್ ‘ಬಿ’ ಆದರೆ ಲೆಕ್ಕ ಸ್ಪಷ್ಟವಾಗಿಯೇ ನಷ್ಟದ್ದು. ಯುಸಿ ಈಗ ಎಸ್‌ಎಟಿಯನ್ನೂ ನೋಡದ ಕಾರಣ ಗ್ರೇಡಿನ ಭಾರ ಇನ್ನಷ್ಟು ಹೆಚ್ಚು.

ಟೆಕ್ಸಸ್ಸಿನ ಕಥೆ ಬೇರೆ. ಅಲ್ಲಿ 1997ರ ಕಾನೂನಿನಂತೆ ಶಾಲೆಯ ಮೇಲಿನ ಶೇ. 10ರೊಳಗೆ ಬಂದ ಮಕ್ಕಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ. ಆಸ್ಟಿನ್‌ನ ಮುಖ್ಯ ವಿಶ್ವವಿದ್ಯಾಲಯಕ್ಕೆ ಮಾತ್ರ ಆ ಮಿತಿ ಬಿಗಿ: ಶೇ. 6 ಇದ್ದದ್ದು 2026ರ ಪ್ರವೇಶದಿಂದ ಶೇ. 5ಕ್ಕೆ ಇಳಿದಿದೆ. ಶಾಲೆಯ ರ‍್ಯಾಂಕ್ ತೂಕ ಸೇರಿಸಿದ ಜಿಪಿಎಯಿಂದ ಬರುವ ಕಾರಣ ಫ್ರಿಸ್ಕೊ, ಪ್ಲೇನೊ ಕಡೆಯ ಮಕ್ಕಳು ಎಪಿ ಮೇಲೆ ಎಪಿ ಪೇರಿಸುವುದಕ್ಕೆ ನಿಜವಾದ ಕಾರಣವಿದೆ, ಅವರನ್ನು ಹಂಗಿಸಲಾರೆ. ಆದರೆ ಎರಡು ಸಂಗತಿ ನೆನಪಿರಲಿ. ಈ ನೇರ ಪ್ರವೇಶ ವಿಶ್ವವಿದ್ಯಾಲಯಕ್ಕೆ, ಬಯಸಿದ ವಿಭಾಗಕ್ಕಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಬೇರೆಯೇ ಸ್ಪರ್ಧೆ. ಇನ್ನು, ಹತ್ತನೆಯ ತರಗತಿ ಮುಗಿದಾಗ ಶೇ. 15ರ ಆಸುಪಾಸಿನಲ್ಲಿರುವ ಮಗು ಶೇ. 5ಕ್ಕೆ ಏರುವುದು ತೀರಾ ಅಪರೂಪ, ಏಕೆಂದರೆ ಮೇಲಿರುವವರೂ ಅದೇ ಎಪಿಗಳನ್ನೇ ತೆಗೆದುಕೊಳ್ಳುತ್ತಿರುತ್ತಾರೆ. ಅಂಥ ಮಗುವಿನ ಎರಡು ವರ್ಷಗಳನ್ನು ಆ ಓಟಕ್ಕೆ ಒತ್ತೆ ಇಡಬೇಡಿ.

ಎಪಿ ಅಂಕಕ್ಕೆ ಕಾಲೇಜು ಕ್ರೆಡಿಟ್ ಸಿಕ್ಕರೆ, ಅಂದರೆ ಆ ಪಾಠವನ್ನು ಪದವಿಗೆ ಎಣಿಸಿದರೆ, ಶುಲ್ಕ ಉಳಿಯುತ್ತದೆ ಎಂಬುದು ಇನ್ನೊಂದು ವಾದ. ರಾಜ್ಯದ ವಿಶ್ವವಿದ್ಯಾಲಯಗಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಇಲಿನಾಯ್‌ನಂಥ ರಾಜ್ಯಗಳಲ್ಲಿ 3 ಅಂಕಕ್ಕೂ ಕ್ರೆಡಿಟ್ ಕೊಡಬೇಕೆಂಬ ಕಾನೂನೇ ಇದೆ. ಖಾಸಗಿ ಕಾಲೇಜುಗಳಲ್ಲಿ ಹಾಗಲ್ಲ: ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ, ಡಾರ್ಟ್‌ಮತ್ ಮೇಲಿನ ತರಗತಿಯಲ್ಲಿ ಕೂರಿಸಬಹುದೇ ಹೊರತು ಪದವಿಗೆ ಎಣಿಸುವುದಿಲ್ಲ. ಮಗು ಡಾಕ್ಟರಾಗುವ ಕನಸಿನಲ್ಲಿದ್ದರೆ, ಎಪಿ ಬಯಾಲಜಿಯ ಕ್ರೆಡಿಟ್ಟನ್ನು ಒಪ್ಪದ ಮೆಡಿಕಲ್ ಕಾಲೇಜುಗಳೂ ಇವೆ ಎಂಬುದು ತಿಳಿದಿರಲಿ.

ಮೂರನೆಯದು: ನಾಲ್ಕು ವರ್ಷಗಳ ಹಾಳೆ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆದು ಒಂಬತ್ತರಿಂದ ಹನ್ನೆರಡರವರೆಗೆ ಬರೆಯಿರಿ. ಎಡಬದಿಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಎರಡನೆಯ ಭಾಷೆ, ಐದು ಸಾಲು. ಪೆನ್ಸಿಲ್ ಮಗುವಿನ ಕೈಯಲ್ಲಿರಲಿ. ಮೊದಲು ಗಣಿತದ ಸಾಲನ್ನು ತುಂಬಿಸಿ, ಏಕೆಂದರೆ ಅಲ್ಲಿ ಮೆಟ್ಟಿಲು ಹಾರುವಂತಿಲ್ಲ. ಕ್ಯಾಲ್ಕುಲಸ್ ಯಾವ ವರ್ಷ ಬರುತ್ತದೆ ಎಂಬುದರ ಮೇಲೆ ಎಪಿ ಫಿಸಿಕ್ಸ್ ಸಿ ಯಾವಾಗ ಎಂಬುದು ನಿಂತಿದೆ. ಎಪಿ ಕೆಮಿಸ್ಟ್ರಿಗೆ ಮೊದಲು ಒಂದು ವರ್ಷ ಸಾಮಾನ್ಯ ಅಥವಾ ಆನರ್ಸ್ ಕೆಮಿಸ್ಟ್ರಿ ಓದಿರುವುದು ಒಳಿತು.

ಸಂಖ್ಯೆ ಎಷ್ಟು ಮೋಸ ಮಾಡುತ್ತದೆ ಎಂಬುದು ಈ ಹಾಳೆ ತುಂಬಿಸುವಾಗಲೇ ಗೊತ್ತಾಗುತ್ತದೆ. ಕ್ಯಾಲ್ಕುಲಸ್ ಬಿಸಿ ಎಂಬ ಎಪಿಯೊಳಗೆ ಕ್ಯಾಲ್ಕುಲಸ್ ಎಬಿ ಪೂರ್ತಿ ಅಡಗಿದೆ. ಒಬ್ಬಳು ನೇರವಾಗಿ ಬಿಸಿ ತೆಗೆದುಕೊಂಡರೆ ಎಪಿ ಒಂದು. ಇನ್ನೊಬ್ಬಳು ಎಬಿ ಮುಗಿಸಿ ಮರುವರ್ಷ ಬಿಸಿ ತೆಗೆದುಕೊಂಡರೆ ಎರಡು. ಕಲಿತದ್ದು ಇಬ್ಬರೂ ಅಷ್ಟೇ. ಮೈಕ್ರೊ ಮತ್ತು ಮ್ಯಾಕ್ರೊ ಅರ್ಥಶಾಸ್ತ್ರಗಳನ್ನು ಹಲವು ಶಾಲೆಗಳು ತಲಾ ಅರ್ಧ ವರ್ಷದಲ್ಲಿ ಮುಗಿಸುತ್ತವೆ, ಆದರೂ ಲೆಕ್ಕಕ್ಕೆ ಎರಡು. ವಾಟ್ಸಾಪ್ ಗುಂಪಿನ ಹದಿಮೂರರಲ್ಲಿ ಇಂಥವು ಎಷ್ಟಿವೆಯೋ ಯಾರಿಗೆ ಗೊತ್ತು.

ಹಗುರವೆಂದು ಹೆಸರಾದ ಎಪಿಗಳೂ ಇವೆ: ಹ್ಯೂಮನ್ ಜಿಯಾಗ್ರಫಿ, ಸೈಕಾಲಜಿ, ಪರಿಸರ ವಿಜ್ಞಾನ. ಆಸಕ್ತಿಯಿದ್ದರೆ ಧಾರಾಳವಾಗಿ ಓದಲಿ. ಸ್ಪ್ಯಾನಿಷನ್ನು ಎರಡನೆಯ ವರ್ಷಕ್ಕೇ ಬಿಟ್ಟು ಆ ಜಾಗದಲ್ಲಿ ಸೈಕಾಲಜಿ ತುಂಬಿಸುವುದು ಮಾತ್ರ ಕೆಟ್ಟ ವ್ಯಾಪಾರ. ಮುಖ್ಯ ಐದು ಸಾಲುಗಳಲ್ಲಿ ತೂತು ಬಿದ್ದರೆ ಅರ್ಜಿ ಓದುವವರಿಗೆ ಅದು ಮೊದಲು ಕಾಣುತ್ತದೆ. ಅಂದ ಹಾಗೆ ಎಪಿಯಲ್ಲಿ ಕನ್ನಡ ಇಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಚೀನೀ, ಜಪಾನೀ, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ಲ್ಯಾಟಿನ್ ಅಷ್ಟೇ. ಭಾನುವಾರದ ಕನ್ನಡ ಶಾಲೆಯಲ್ಲಿ ಓದು ಬರಹ ಕಲಿತ ಮಕ್ಕಳು ಅದನ್ನು ವ್ಯರ್ಥವೆಂದು ಭಾವಿಸಬೇಕಿಲ್ಲ. ಎರಡು ಭಾಷೆ ಬಲ್ಲವರಿಗೆ ಹೈಸ್ಕೂಲ್ ಪದವಿಪತ್ರದ ಮೇಲೆ ಒತ್ತುವ ‘ಸೀಲ್ ಆಫ್ ಬೈಲಿಟರಸಿ’ ಮುದ್ರೆ ಹಲವು ರಾಜ್ಯಗಳಲ್ಲಿದೆ. ನಿಮ್ಮ ಶಾಲಾ ಜಿಲ್ಲೆಯಲ್ಲಿ ಕನ್ನಡಕ್ಕೆ ಅದು ಸಿಗುತ್ತದೆಯೇ, ಭಾಷೆಯ ಕ್ರೆಡಿಟ್ ಆಗಿ ಎಣಿಸುತ್ತಾರೆಯೇ ಎಂದು ಅದೇ ಕೌನ್ಸೆಲರ್‌ ಭೇಟಿಯಲ್ಲಿ ಕೇಳಿ.

ಹತ್ತನೆಯ ತರಗತಿಗೆ ಬೆಂಗಳೂರಿನಿಂದ ನೇರವಾಗಿ ಬಂದಿಳಿದ ಮಗುವಾದರೆ ಸಾಲುಗಳು ಸಮನಾಗಿ ಬೆಳೆಯುವುದಿಲ್ಲ. ಗಣಿತದಲ್ಲಿ ಸಾಮಾನ್ಯವಾಗಿ ಮುಂದಿರುತ್ತದೆ, ಅಮೆರಿಕದ ಇತಿಹಾಸ ಪೂರ್ತಿ ಹೊಸದು. ಎಪಿಯನ್ನು ಗಣಿತ, ಭೌತಶಾಸ್ತ್ರದ ಕಡೆಯಿಂದ ಶುರು ಮಾಡಿ, ಪ್ರಬಂಧ ಬರೆಸುವ ವಿಷಯಗಳಿಗೆ ಒಂದು ವರ್ಷ ಬಿಡುವು ಕೊಡಿ.

ನಾಲ್ಕನೆಯದು: ವಾರದ ಗಂಟೆಗಳನ್ನು ಎಣಿಸಿ

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಮರೆತರೂ ಇದೊಂದನ್ನು ಬಿಡಬೇಡಿ. ಹನ್ನೊಂದನೆಯ ತರಗತಿಯ ಮಗುವಿನ ಒಂದು ವಾರ ತೆಗೆದುಕೊಳ್ಳೋಣ. ಇರುವುದು 168 ಗಂಟೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಕಡಿಮೆಯೆಂದರೂ 56 ಹೋಯಿತು. ಶಾಲೆ ದಿನಕ್ಕೆ ಏಳು ಗಂಟೆಯಂತೆ 35. ಸ್ನಾನ, ಊಟ, ಬಸ್ಸು, ಇತ್ಯಾದಿ ದಿನಕ್ಕೆ ಮೂರರಂತೆ 21. ಉಳಿದದ್ದು 56. ಅದರಲ್ಲಿ ರೊಬಾಟಿಕ್ಸ್ ಅಥವಾ ಬ್ಯಾಂಡಿಗೆ 10, ಕನ್ನಡ ಶಾಲೆ ಮತ್ತು ಸಂಗೀತದ ಪಾಠಕ್ಕೆ 5, ಗೆಳೆಯರು, ಮೊಬೈಲು, ಅಪ್ಪ ಅಮ್ಮನ ಜೊತೆ ಜಗಳ, ಎಲ್ಲ ಸೇರಿ ದಿನಕ್ಕೆ ಎರಡು ಗಂಟೆಯಂತೆ 14. ಕೊನೆಗೆ ಓದಿಗೆ ಉಳಿದದ್ದು 27 ಗಂಟೆ.

ಈಗ ಖರ್ಚಿನ ಕಡೆ. ಶಾಲೆಯಲ್ಲಿ ಏಳು ವಿಷಯಗಳಿವೆ ಎಂದಿಟ್ಟುಕೊಳ್ಳಿ. ಎಪಿಗೆ ವಾರಕ್ಕೆ ಐದು ಗಂಟೆ ಹೋಂವರ್ಕ್, ಉಳಿದವಕ್ಕೆ ಎರಡೂವರೆ ಎಂಬ ಅಂದಾಜು ಹಿಡಿದರೆ, ಮೂರು ಎಪಿಗೆ ಒಟ್ಟು 25 ಗಂಟೆ, ಹೊಂದುತ್ತದೆ. ನಾಲ್ಕಾದರೆ 27.5, ಅಂಚಿನಲ್ಲಿ ನಿಂತಂತೆ, ಜ್ವರ ಬರುವಂತಿಲ್ಲ, ಡಿಸೆಂಬರಿನಲ್ಲಿ ಊರಿಗೆ ಹೋಗುವಂತಿಲ್ಲ. ಐದಾದರೆ 30, ಆ ಮೂರು ಗಂಟೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಎಲ್ಲ ಮನೆಗಳಲ್ಲೂ ಉತ್ತರ ಒಂದೇ, ನಿದ್ದೆಯಿಂದ. ನನ್ನ ಅಂದಾಜನ್ನು ನೆಚ್ಚಿಕೊಳ್ಳಬೇಡಿ. ಕಳೆದ ವರ್ಷ ಅದೇ ಶಿಕ್ಷಕರ ಬಳಿ ಅದೇ ವಿಷಯ ಓದಿದ ಇಬ್ಬರು ಮಕ್ಕಳನ್ನು ನಿಮ್ಮ ಮಗುವೇ ಕೇಳಿ ನಿಜವಾದ ಗಂಟೆಗಳನ್ನು ತುಂಬಲಿ. ಒಂದೇ ಎಪಿ ಒಬ್ಬ ಶಿಕ್ಷಕರಲ್ಲಿ ಮೂರು ಗಂಟೆ, ಪಕ್ಕದ ಕೊಠಡಿಯಲ್ಲಿ ಎಂಟು ಗಂಟೆ ಆಗುವುದುಂಟು.

ಗಂಟೆಗಳು ಎಲ್ಲಿ ಹೋಗುತ್ತವೆ ಎಂದು ಅಚ್ಚರಿಪಡುವ ತಂದೆತಾಯಿಯರು ಅಮೆರಿಕ ಇತಿಹಾಸದ ಎಪಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪರೀಕ್ಷೆಯಲ್ಲಿ 55 ನಿಮಿಷಕ್ಕೆ 55 ಬಹುಆಯ್ಕೆ ಪ್ರಶ್ನೆ, ಮೂರು ಕಿರು ಉತ್ತರ, ಒಂದು ದೀರ್ಘ ಪ್ರಬಂಧ. ಇವುಗಳ ಜೊತೆ ದಾಖಲೆ ಆಧಾರಿತ ಪ್ರಬಂಧವೊಂದಿದೆ: ಏಳು ದಾಖಲೆಗಳನ್ನು ಕೊಡುತ್ತಾರೆ. ಒಂದು ಹಳೆಯ ಪತ್ರ, ಒಂದು ವ್ಯಂಗ್ಯಚಿತ್ರ, ಒಬ್ಬ ಸೆನೆಟರನ ಭಾಷಣದ ತುಣುಕು, ಹೀಗೆ. ಅವನ್ನು ಓದಿ, ಬರೆದವರ ಉದ್ದೇಶವೇನೆಂದು ತೂಗಿ, ತನ್ನದೇ ಒಂದು ವಾದ ಕಟ್ಟಿ, ದಾಖಲೆಗಳಲ್ಲಿಲ್ಲದ ಒಂದು ಸಾಕ್ಷ್ಯವನ್ನೂ ಸೇರಿಸಿ ಒಂದು ಗಂಟೆಯಲ್ಲಿ ಮುಗಿಸಬೇಕು. ನಾವು ಎಸ್ಸೆಸ್ಸೆಲ್ಸಿಯಲ್ಲಿ ಪಾಣಿಪತ್ ಕದನದ ಕಾರಣಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಷವಿಡೀ ವಾರಕ್ಕೆ ಒಂದು ಅಧ್ಯಾಯ ಓದಿ ಟಿಪ್ಪಣಿ ಮಾಡಿಕೊಳ್ಳದ ಮಗು ಇಲ್ಲಿ ಕೈಚೆಲ್ಲುತ್ತದೆ. ಇಂಥ ಓದಿನ ಎಪಿಗಳು ಒಂದೇ ವರ್ಷ ಎರಡಕ್ಕಿಂತ ಹೆಚ್ಚು ಬೇಡ. ಇಂಗ್ಲಿಷ್ ಲ್ಯಾಂಗ್ವೇಜ್ ಮತ್ತು ಇತಿಹಾಸ ಎರಡೂ ಹನ್ನೊಂದರಲ್ಲಿಯೇ ಬರುವುದರಿಂದ ಮೂರನೆಯದನ್ನು ಗಣಿತದ ಕಡೆಯಿಂದ ಆರಿಸಿದರೆ ಭಾರ ಹಂಚಿಹೋಗುತ್ತದೆ.

ಹನ್ನೊಂದನೆಯ ವಸಂತದಲ್ಲಿ ಎಸ್‌ಎಟಿ ಕೂಡ ಬರುತ್ತದೆ, ಹನ್ನೆರಡನೆಯ ಶರತ್ಕಾಲದಲ್ಲಿ ಅರ್ಜಿಗಳ ಪ್ರಬಂಧಗಳು. ನವೆಂಬರ್ ಕೊನೆಯವರೆಗೆ ಪ್ರತಿ ವಾರವೂ ಅವು ಐದಾರು ಗಂಟೆ ನುಂಗುತ್ತವೆ. ಹಾಳೆಯಲ್ಲಿ ಅರ್ಜಿಯನ್ನೇ ಒಂದು ಎಪಿ ಎಂದು ಬರೆದುಬಿಡಿ.

ಈಗ ಸಂಖ್ಯೆ

ನನ್ನ ಅಭಿಪ್ರಾಯ ಕೇಳಿದರೆ: ಒಂಬತ್ತರಲ್ಲಿ ಸೊನ್ನೆ ಅಥವಾ ಒಂದು, ಹತ್ತರಲ್ಲಿ ಒಂದು ಅಥವಾ ಎರಡು, ಹನ್ನೊಂದರಲ್ಲಿ ಮೂರು, ಹನ್ನೆರಡರಲ್ಲಿ ಎರಡು ಅಥವಾ ಮೂರು. ಒಟ್ಟು ಆರರಿಂದ ಒಂಬತ್ತು. ಎಪಿಗಳು ಹೇರಳವಾಗಿರುವ ಶಾಲೆಯ ಚುರುಕಾದ ಮಗುವಿಗೂ ಇದು ಸಾಕು. ಶಾಲೆಯಲ್ಲಿ ಎಪಿ ಕಡಿಮೆಯಿದ್ದರೆ ಇನ್ನೂ ಕಡಿಮೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರವೇಶ ಕಚೇರಿ ಹಿಂದೊಮ್ಮೆ ತನ್ನದೇ ವಿದ್ಯಾರ್ಥಿಗಳ ದಾಖಲೆಗಳನ್ನು ತಾಳೆ ಹಾಕಿ ನೋಡಿದಾಗ, ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಸುಮಾರು ಐದು ಪಾಠಗಳವರೆಗೆ ಕಾಲೇಜಿನ ಮೊದಲ ವರ್ಷದ ಗ್ರೇಡ್ ಉತ್ತಮಗೊಂಡು, ಅದರಾಚೆ ಗಮನಾರ್ಹ ಏರಿಕೆ ಕಂಡಿರಲಿಲ್ಲ.

ನಿಮ್ಮ ಮಗುವಿಗೆ ಈ ಅಂಕಿ ಹೊಂದುತ್ತದೆಯೇ ಎಂದು ನೋಡಲು ಹಿಂದಿನ ವರ್ಷದ ಗ್ರೇಡ್ ಸಾಕು. ಆನರ್ಸ್ ಪಾಠದಲ್ಲಿ ನಿರಾಯಾಸವಾಗಿ ‘ಎ’ ಬಂದಿದ್ದರೆ ಅದೇ ವಿಷಯದ ಎಪಿಗೆ ಹೋಗಲಿ. ಟ್ಯೂಷನ್ ಇಟ್ಟು, ರಾತ್ರಿ ಹನ್ನೆರಡರವರೆಗೆ ಕೂತು ‘ಬಿ ಪ್ಲಸ್’ ತಂದಿದ್ದರೆ ಎಪಿ ಆ ಗ್ರೇಡನ್ನು ‘ಸಿ’ ಮಾಡುವ ಸಾಧ್ಯತೆಯೇ ಹೆಚ್ಚು. ಎಪಿಯಲ್ಲಿ ‘ಬಿ’ ಒಳ್ಳೆಯದೋ ಆನರ್ಸ್‌ನಲ್ಲಿ ‘ಎ’ ಒಳ್ಳೆಯದೋ ಎಂದು ಕೇಳಿದರೆ ಪ್ರವೇಶ ಅಧಿಕಾರಿಗಳು ‘ಎಪಿಯಲ್ಲಿ ಎ’ ಎಂದು ನಕ್ಕು ಜಾರಿಕೊಳ್ಳುತ್ತಾರೆ. ನಾನು ಹೇಳುವುದಾದರೆ ಒಂದು ‘ಬಿ’ಗೆ ಹೆದರಬೇಕಿಲ್ಲ, ಒಂದೇ ವರ್ಷ ಮೂರು ‘ಬಿ’ ಬಂದರೆ ಆ ವರ್ಷ ಒಂದು ಎಪಿ ಹೆಚ್ಚಾಗಿತ್ತು ಎಂದರ್ಥ. ಎಪಿ ಇಲ್ಲದ ಒಂದು ತರಗತಿ, ಕುಂಬಾರಿಕೆಯೋ ನಾಟಕವೋ ಮರಗೆಲಸವೋ, ದಿನದಲ್ಲಿ ಇರಲೇಬೇಕು ಎಂಬುದು ನನ್ನ ಹಟ.

ಕೊನೆಯದು: ಹಣ, ದಿನಾಂಕ, ಹೊರಬಾಗಿಲು

ಎಪಿ ತರಗತಿಯಲ್ಲಿ ಕೂತವರೆಲ್ಲ ಮೇ ಪರೀಕ್ಷೆ ಬರೆಯಲೇಬೇಕೆಂದು ಕಾಲೇಜ್ ಬೋರ್ಡ್ ಹೇಳುವುದಿಲ್ಲ. ಕಡ್ಡಾಯ ಮಾಡುವ ಶಾಲೆಗಳಿವೆ, ಕೇಳಿ ನೋಡಿ. 2025ರಲ್ಲಿ ಒಂದು ಪರೀಕ್ಷೆಗೆ 99 ಡಾಲರ್ ಶುಲ್ಕವಿತ್ತು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ರಿಯಾಯಿತಿ ಇದೆ, ಕೆಲವೆಡೆ ಶಾಲೆಯೋ ರಾಜ್ಯವೋ ಭರಿಸುತ್ತದೆ. ನೋಂದಣಿ ನವೆಂಬರ್ ಮಧ್ಯದೊಳಗೆ ಮುಗಿಯಬೇಕು. ತಡವಾದರೆ 40 ಡಾಲರ್ ಹೆಚ್ಚು, ನೋಂದಾಯಿಸಿ ಬರೆಯದಿದ್ದರೂ 40 ಡಾಲರ್ ದಂಡ. ಹಲವು ಪರೀಕ್ಷೆಗಳು 2025ರಿಂದ ಬ್ಲೂಬುಕ್ ಆ್ಯಪ್‌ನಲ್ಲಿ ನಡೆಯುವುದರಿಂದ, ಪ್ರಬಂಧ ಬರೆಯುವ ಮಗು ಬೆರಳಚ್ಚಿನ ವೇಗವನ್ನೂ ಸುಧಾರಿಸಿಕೊಳ್ಳಬೇಕು.

ವಸಂತದಲ್ಲಿ ಆರಿಸಿದ್ದು ಕಲ್ಲಿನಲ್ಲಿ ಕೊರೆದದ್ದಲ್ಲ. ಪ್ರತಿ ಶಾಲೆಗೂ ವಿಷಯ ಬಿಡುವ ಗಡುವು ಇರುತ್ತದೆ, ಸಾಮಾನ್ಯವಾಗಿ ಶಾಲೆ ಶುರುವಾದ ಕೆಲವೇ ವಾರಗಳಲ್ಲಿ. ಅದರೊಳಗೆ ಕೆಳಗಿನ ಹಂತಕ್ಕೆ ಇಳಿದರೆ ಅಂಕಪಟ್ಟಿಯಲ್ಲಿ ಗುರುತೇ ಉಳಿಯುವುದಿಲ್ಲ. ದಾಟಿದ ಮೇಲೆ ಬಿಟ್ಟರೆ ಹಲವು ಕಡೆ ‘ಡಬ್ಲ್ಯು’ (ಮಧ್ಯದಲ್ಲಿ ಬಿಟ್ಟದ್ದು) ಎಂದು ಬೀಳುತ್ತದೆ. ಕೆಲವು ಶಾಲೆಗಳಲ್ಲಿ ಆನರ್ಸ್ ತರಗತಿ ಅಷ್ಟರೊಳಗೆ ಭರ್ತಿಯಾಗಿರುತ್ತದೆ, ಹಾಗಾಗಿ ಹಿಂದಿರುಗಲು ಜಾಗ ಇರುತ್ತದೆಯೇ ಎಂದು ಆಯ್ಕೆ ಮಾಡುವ ದಿನವೇ ವಿಚಾರಿಸಿ. ಗಡುವಿಗೆ ಒಂದು ವಾರ ಮೊದಲು ಅದೇ 168 ಗಂಟೆಯ ಹಾಳೆಯನ್ನು ನಿಜವಾದ ಗಂಟೆಗಳೊಂದಿಗೆ ಮತ್ತೆ ತುಂಬಲು ಮಗುವಿಗೆ ಹೇಳಿ. ನಿದ್ದೆಯ ಸಾಲು 50ಕ್ಕಿಂತ ಕೆಳಗಿಳಿದಿದ್ದರೆ ಮರುದಿನವೇ ಕೌನ್ಸೆಲರ್‌ಗೆ ಇಮೇಲ್ ಮಾಡಿ, ಯಾವುದನ್ನು ಬಿಡಬೇಕೆಂಬುದನ್ನು ಮಗುವೇ ಹೇಳಲಿ.